ಮನೆಯಲ್ಲಿರುವವರು: ಇಬ್ಬರು

ಫೆಬ್ರವರಿ 11

ಗಿಡ್ಡನಿಗೆ,

ಈ ಅಕ್ಷರ ನೋಡಿ ಯಾರೋ ಒಂದನೇ ಕ್ಲಾಸಿನ ಮಗು ಬರೆದಿದೆ ಅಂದುಕೊಳ್ಳಬೇಡ. ಇದು ನಿನ್ನ ಅಕ್ಕನ ಎಡಗೈ. ದಿನಕ್ಕೊಂದು ಪುಟ ಎಡಗೈಯಲ್ಲಿ ಬರೆಯಬೇಕು ಅಂತ ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವಾಕೆ ಅಪ್ಪಣೆ ಮಾಡಿದ್ದಾಳೆ. ಸಾಮಾನಿನ ಪಟ್ಟಿ ಬರೆದು ಬರೆದು ಬೇಜಾರಾಯಿತು, ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ಮೂರನೇ ನಿಮಿಷಕ್ಕೆ ನಮ್ಮಿಬ್ಬರಿಗೂ ಜಗಳ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕೋಕಾಗಲ್ಲ.

ನಿನ್ನೆ ತೀರ್ಪು ಬಂತು. ಪೂರ್ತಿ ಅಲ್ಲ, ಒಂದು ಭಾಗ. ತೀರ್ಪನ್ನೂ ಹೀಗೆ ತುಂಡು ಮಾಡಿ ಕೊಡುತ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ವಕೀಲಮ್ಮ ಬಿಡಿಸಿ ಹೇಳಿದರು. ನನಗೆ ಗುದ್ದಿದ ವ್ಯಾನಿಗೆ ಇನ್ಶೂರೆನ್ಸ್ ಇರಲಿಲ್ಲ. ಅಂಥ ಗಾಡಿ ಗುದ್ದಿದರೆ ನಿನ್ನ ಕಾರಿನ ಪಾಲಿಸಿ ನಿನಗೂ, 'ನಿನ್ನ ಮನೆಯಲ್ಲಿ ವಾಸವಿರುವ ಬಂಧುಗಳಿಗೂ' ಪರಿಹಾರ ಕೊಡುತ್ತದೆ, ಅವರು ಕಾರಿನಲ್ಲಿರಲಿ, ನನ್ನ ಹಾಗೆ ಬಣ್ಣದ ಡಬ್ಬ ಹಿಡಿದು ನಡೆದು ರಸ್ತೆ ದಾಟುತ್ತಿರಲಿ. ಅದಕ್ಕೇ ನಾವು ವ್ಯಾನಿನವನ ಮೇಲೂ ನಿನ್ನ ಇನ್ಶೂರೆನ್ಸ್ ಕಂಪನಿಯ ಮೇಲೂ ಕೇಸು ಹಾಕಿದ್ದು. ಈಗ ಜಡ್ಜು ವ್ಯಾನಿನವನ ವಿಚಾರಣೆ ಮುಂದೆ ಇಟ್ಟುಕೊಂಡು ಕಂಪನಿಯನ್ನು ಮಾತ್ರ ಬಿಟ್ಟುಕಳಿಸಿದ್ದಾರೆ. ಯಾಕೆ ಗೊತ್ತಾ? ನಾನು ನಿನ್ನ ಮನೆಯವಳಲ್ಲವಂತೆ.

ಸಾಕ್ಷಿ ಕರೆಸಲಿಲ್ಲ, ಯಾರನ್ನೂ ಕೇಳಲಿಲ್ಲ. ಕಂಪನಿಯವರು ಒಂದು ಕಾಗದ ತೋರಿಸಿದರಂತೆ, ಅಷ್ಟೇ. ಯಾವ ಕಾಗದ ಅದು? ನಮ್ಮ ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಏನಾದರೂ ಬರೆದುಕೊಟ್ಟರಾ? ನಾನು ನಿನ್ನ ಮನೆ ಬಿಟ್ಟು ಬ್ಯಾಗು ಹಿಡಿದು ಇಳಿದ ದಿನ ಅವರು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು.

ಅಪೀಲು ಹಾಕುತ್ತೇವೆ. ಡಾಕ್ಟರು ಇನ್ನೊಂದು ಆಪರೇಷನ್ ಅಂತ ಏನೋ ಹೇಳುತ್ತಾರೆ, ಅದಕ್ಕೇನೂ ಅವಸರವಿಲ್ಲ. ಮಗುವಿಗೆ ಈ ತಿಂಗಳು ವರ್ಷ ತುಂಬುತ್ತಲ್ಲ? ಹೇಗಿದ್ದಾಳೆ ಅಂತ ಬರೆ.

ಅಕ್ಕ


ಫೆಬ್ರವರಿ 27

ಅಕ್ಕನಿಗೆ,

ನಿನ್ನ ಎಡಗೈ ಅಕ್ಷರ ನನ್ನ ಬಲಗೈಗಿಂತ ಚೆನ್ನಾಗಿದೆ. ಮೂವತ್ತು ವರ್ಷ ಅಂಗಡಿ ಬೋರ್ಡು ಬರೆದವಳಿಗೂ ಲಿಫ್ಟು ರಿಪೇರಿ ಮಾಡುವವನಿಗೂ ವ್ಯತ್ಯಾಸ ಇರಬೇಕಲ್ಲ.

ಇಲ್ಲಿ ಕೆಲಸ ಜಾಸ್ತಿ. ಹಳೇ ಆಫೀಸ್ ಕಟ್ಟಡದ ಲಿಫ್ಟು ಮೂರನೇ ಮಹಡಿಗೂ ನಾಲ್ಕಕ್ಕೂ ನಡುವೆ ನಿಂತುಬಿಡುತ್ತದೆ. ಎರಡು ವಾರದಿಂದ ಅದರ ಹಿಂದೆಯೇ ಬಿದ್ದಿದ್ದೇನೆ. ಮಗಳು ಬೆಂಚು ಹಿಡಿದು ನಿಲ್ಲುತ್ತಾಳೆ. ಕೈ ಬಿಟ್ಟರೆ ಕೂತುಬಿಡುತ್ತಾಳೆ, ಅಳುವುದಿಲ್ಲ, ಯಾರಾದರೂ ನೋಡಿದರಾ ಅಂತ ಸುತ್ತ ನೋಡುತ್ತಾಳೆ. ಥೇಟ್ ನಿನ್ನ ಹಾಗೆ ಅಂತ ಅವಳಮ್ಮ ಹೇಳುತ್ತಾಳೆ.

ಕೇಸಿನ ಬಗ್ಗೆ ನನ್ನ ಮಾತು ಕೇಳು. ಕಂಪನಿಯವರ ಹತ್ತಿರ ಸಾವಿರ ಕಾಗದ ಇರುತ್ತೆ, ಯಾವುದು ತೋರಿಸಿದರೋ ಯಾರಿಗೆ ಗೊತ್ತು. ಅವರ ಜೊತೆ ಹಣಾಹಣಿ ಬೇಡ. ವ್ಯಾನಿನವನನ್ನು ಹಿಡಿದುಕೋ. ತಪ್ಪು ಮಾಡಿದವನು ಅವನು, ಕೆಂಪು ದೀಪ ದಾಟಿದವನು ಅವನು. ಅಪೀಲು ಅಂತ ಸುಮ್ಮನೆ ಯಾಕೆ ತಲೆಬಿಸಿ?

ಮೇಲಿನ ಮನೆ ಮೇಷ್ಟ್ರು ಪಾಪದವರು. ಅವರು ಏನೂ ಬರೆದಿರಲಿಕ್ಕಿಲ್ಲ.

ಕೈ ನೋವಿದೆಯಾ?

ಗಿಡ್ಡ


ಮಾರ್ಚ್ 12

ಗಿಡ್ಡನಿಗೆ,

ಕೈ ಚೆನ್ನಾಗಿದೆ.

ಇಲ್ಲೊಂದು ವಿಚಿತ್ರ ಕೇಳು. ನಮ್ಮ ಅಪೀಲು ವಾಪಸ್ ಬಂತು. ಸೋತು ಬಂದದ್ದಲ್ಲ, ಮೇಲಿನ ಕೋರ್ಟಿನವರು ಅದನ್ನು ಓದಲೇ ಇಲ್ಲ. ಕೇಸು ಇನ್ನೂ ಕೆಳಗೆ ನಡೆಯುತ್ತಿದೆ, ಅರ್ಧ ಬೆಂದದ್ದನ್ನು ನಮ್ಮ ತಟ್ಟೆಗೆ ಯಾಕೆ ಬಡಿಸಿದಿರಿ ಅನ್ನೋ ಧಾಟಿಯಲ್ಲಿ ನಾಲ್ಕು ಸಾಲು ಬರೆದು ಕಳಿಸಿದ್ದಾರೆ. ವ್ಯಾನಿನವನ ವಿಚಾರಣೆ ಮುಗಿಯುವವರೆಗೆ ಕಾಯಬೇಕು, ಇಲ್ಲವೇ ತೀರ್ಪು ಕೊಟ್ಟ ಜಡ್ಜೇ 'ಈ ಭಾಗದ ಮಟ್ಟಿಗೆ ಇದು ಕೊನೆಯ ಮಾತು, ಈಗಲೇ ಅಪೀಲಿಗೆ ಹೋಗಲು ಅಡ್ಡಿಯಿಲ್ಲ' ಅಂತ ಬರೆದುಕೊಡಬೇಕು.

"ಅಂದರೆ ನಮ್ಮನ್ನು ಸೋಲಿಸಿದವರ ಹತ್ತಿರವೇ ಹೋಗಿ, ನಿಮ್ಮ ತೀರ್ಪು ತಪ್ಪು ಅಂತ ಮೇಲೆ ಹೇಳಬೇಕು, ದಯವಿಟ್ಟು ಬಾಗಿಲು ತೆಗೀರಿ ಅಂತ ಕೇಳೋದಾ?" ಅಂದೆ.

"ಹೌದು. ತೆಗೀತಾರೆ. ಒಳ್ಳೆಯವರು" ಅಂದರು ವಕೀಲಮ್ಮ.

ತೆಗೆದರು ಕಣೋ. ನಾನೂ ಹೋಗಿದ್ದೆ. ಆ ಜಡ್ಜು ಕನ್ನಡಕ ತೆಗೆದು ಒರೆಸಿಕೊಂಡು, "ನನಗೂ ತಿಳಿದುಕೊಳ್ಳೋ ಆಸೆ ಇದೆ, ಮೇಲಿನವರು ಏನು ಹೇಳ್ತಾರೆ ನೋಡೋಣ" ಅಂತ ಒಂದೇ ಸಾಲು ಬರೆದು ಸಹಿ ಹಾಕಿದರು. ನನ್ನನ್ನು ಮನೆಯವಳಲ್ಲ ಅಂದ ಮನುಷ್ಯನ ಮೇಲೆ ನನಗೆ ಸಿಟ್ಟೇ ಬರಲಿಲ್ಲ.

ಈಗ ನನಗೆ ಇದೇ ಗುಂಗು. ಒಬ್ಬರು ಒಂದು ಮನೆಯಲ್ಲಿ ವಾಸ ಇದ್ದಾರೆ ಅನ್ನೋದು ಯಾವುದರಿಂದ ತೀರ್ಮಾನ ಆಗುತ್ತೆ? ಮಲಗುವುದರಿಂದಲೋ, ಊಟ ಮಾಡುವುದರಿಂದಲೋ, ಬಟ್ಟೆ ಇರುವುದರಿಂದಲೋ? ನಾನು ಈ ಊರಿನ ಬಾಡಿಗೆ ಕೋಣೆಗೆ ಬಂದು ಹತ್ತೊಂಬತ್ತನೇ ದಿನ ವ್ಯಾನು ಗುದ್ದಿದ್ದು. ಆಗ ನನ್ನ ಏಣಿ, ಚಳಿಗಾಲದ ಬಟ್ಟೆ, ಅಮ್ಮನ ಹೊಲಿಗೆ ಮಿಷನ್ನು ಎಲ್ಲ ನಿನ್ನ ಮನೆಯಲ್ಲಿತ್ತು. ಹಾಗಾದರೆ ನಾನು ಎಲ್ಲಿದ್ದೆ?

ಆ ಕಾಗದ ಯಾವುದು ಅನ್ನೋ ಪ್ರಶ್ನೆಗೆ ನೀನು ಸರಿಯಾಗಿ ಉತ್ತರ ಬರೆಯಲಿಲ್ಲ. ನಿನ್ನ ಹೆಂಡತಿ ಏನಾದರೂ ಕಂಪನಿಗೆ ಹೇಳಿದ್ದರೆ ಬೇಜಾರಿಲ್ಲ ಅನ್ನು. ಬಸುರಿ ಹೆಂಗಸಿಗೆ ನಾನು ಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್ ವಾಸನೆ ಆಗಲಿಲ್ಲ, ಅದರಲ್ಲಿ ಅವಳ ತಪ್ಪೇನು. ನೀನು ಡಬ್ಬಗಳನ್ನು ಹೊರಗಿಡು ಅಂದೆ, ಡಬ್ಬಗಳ ಜೊತೆ ನಾನೂ ಹೊರಟೆ. ಅಷ್ಟೇ ನಡೆದದ್ದು.

ಅಕ್ಕ


ಏಪ್ರಿಲ್ 2

ಗಿಡ್ಡನಿಗೆ,

ನಿನ್ನ ಉತ್ತರ ಬರಲಿಲ್ಲ. ನಾನೇ ಬರೆಯುತ್ತಿದ್ದೇನೆ.

ಅಪೀಲಿಗೆ ಕಟ್ಟಿದ ಕಡತ ನೋಡಲು ವಕೀಲಮ್ಮನ ಆಫೀಸಿಗೆ ಹೋಗಿದ್ದೆ. ಹಪ್ಪಳದ ಕಟ್ಟಿನ ಹಾಗೆ ದಾರ ಸುತ್ತಿಟ್ಟಿದ್ದಾರೆ. ನಲವತ್ತೊಂದನೇ ಪುಟದಲ್ಲಿ ಆ ಕಾಗದ ಸಿಕ್ಕಿತು. ನಿನ್ನ ಪಾಲಿಸಿ ನವೀಕರಣದ ಫಾರಂ. 'ಮನೆಯಲ್ಲಿ ವಾಸವಿರುವವರು' ಅನ್ನುವ ಖಾನೆಯಲ್ಲಿ 'ಇಬ್ಬರು' ಅಂತಿದೆ. ಅಕ್ಷರ ಯಾರದ್ದು ಅಂತ ನನಗೆ ಯಾರೂ ಹೇಳಬೇಕಾಗಿಲ್ಲ. ನಿನ್ನ ಬಕಾರದ ಹೊಟ್ಟೆ ಯಾವತ್ತೂ ಮುಚ್ಚಿರಲ್ಲ, ಐದನೇ ಕ್ಲಾಸಿನಿಂದ ನಾನೇ ತಿದ್ದಿದ್ದೇನೆ.

ಮೊದಲು ನಾನು ಅಂದುಕೊಂಡೆ, ನಾನು ಮನೆ ಬಿಟ್ಟ ಮೇಲೆ ಸಿಟ್ಟಿನಲ್ಲಿ ಬರೆದಿದ್ದಾನೆ, ಇರಲಿ, ಸಿಟ್ಟು ನನಗೂ ಇತ್ತು. ಆಮೇಲೆ ತಾರೀಕು ನೋಡಿದೆ. ಆಚೆ ವರ್ಷ ನವೆಂಬರ್ 2. ನಾನು ಮನೆ ಬಿಟ್ಟದ್ದು 6ಕ್ಕೆ.

ಎರಡನೇ ತಾರೀಕು ನಾನು ಎಲ್ಲಿದ್ದೆ ಅಂತ ನನ್ನ ಡೈರಿಯಲ್ಲಿದೆ. ಔಷಧದಂಗಡಿಯ ಬೋರ್ಡು ಮುಗಿಸಿ ಮನೆಗೆ ಬಂದೆ, ನೀನು ನಾನು ಇಬ್ಬರೂ ಸೇರಿ ತೊಟ್ಟಿಲಿನ ಕಾಲು ಜೋಡಿಸಿದೆವು. ಒಂದು ಸ್ಕ್ರೂ ಕಡಿಮೆ ಬಿತ್ತು.

ವಕೀಲಮ್ಮನಿಗೆ ತಾರೀಕು ತೋರಿಸಿದೆ. ಅವರು ಕುರ್ಚಿ ಬಿಟ್ಟು ಎದ್ದೇಬಿಟ್ಟರು. "ಇದನ್ನ ನಾನೂ ಗಮನಿಸಿರಲಿಲ್ಲವಲ್ಲ" ಅಂದರು. ಅವರ ಲೆಕ್ಕ ಹೀಗೆ: ಆ ದಿನ ನೀವು ಖಂಡಿತ ಆ ಮನೆಯಲ್ಲೇ ಇದ್ದಿರಿ. ಆದರೂ ಫಾರಂ ಇಬ್ಬರು ಅನ್ನುತ್ತದೆ. ಹಾಗಾದರೆ ಫಾರಂ ಬರೆದ ದಿನವೇ ತಪ್ಪು. ತಪ್ಪು ಕಾಗದವೊಂದನ್ನೇ ನಂಬಿ ತೀರ್ಪು ಕೊಡೋಕಾಗಲ್ಲ. ಅಪೀಲಿಗೆ ಇದಕ್ಕಿಂತ ಗಟ್ಟಿ ವಾದ ಬೇಡ.

ಅವರ ಸಂತೋಷ ನೋಡಿಕೊಂಡು ಕೂತಿದ್ದೆ. ಕೇಸು ಗೆಲ್ಲಿಸುವ ಆ ಒಂದು ಪದವನ್ನೇ ನನ್ನಿಂದ ಎರಡನೇ ಸಲ ಓದೋಕಾಗಲಿಲ್ಲ.

ನಿನ್ನ ಮೇಲೆ ದೂರಲ್ಲ, ನನಗೆ ತಿಳಿದುಕೊಳ್ಳಬೇಕು. ಪಕ್ಕದ ಕೋಣೆಯಲ್ಲಿ ನಾನಿದ್ದೆ. ಯಾಕೆ ಇಬ್ಬರು?

ಅಕ್ಕ


ಏಪ್ರಿಲ್ 23

ಅಕ್ಕನಿಗೆ,

ನಾಲ್ಕು ಸಲ ಬರೆದು ಹರಿದು ಹಾಕಿದೆ. ಒಂದರಲ್ಲಿ ಮರೆತೆ ಅಂತ ಬರೆದಿದ್ದೆ. ಇನ್ನೊಂದರಲ್ಲಿ ಹೆಸರು ಜಾಸ್ತಿಯಾದರೆ ಕಂತು ಜಾಸ್ತಿ ಅಂತ ಏಜೆಂಟ್ ಹೇಳಿದ್ದ ಅಂತ. ಎರಡೂ ಸುಳ್ಳು.

ನಿಜ ಇದು. ಆ ದಿನ ಮಧ್ಯಾಹ್ನ ಒಂದು ಕಟ್ಟಡದ ತುದಿಯಲ್ಲಿ, ಲಿಫ್ಟಿನ ಮೋಟಾರು ಕೋಣೆಯಲ್ಲಿದ್ದೆ. ಏಜೆಂಟ್ ಅಲ್ಲಿಗೇ ಫಾರಂ ಕಳಿಸಿದ್ದ. ಊಟದ ಡಬ್ಬಿ ಮೇಲೆ ಇಟ್ಟುಕೊಂಡು ತುಂಬುತ್ತಿದ್ದೆ. ಅದಕ್ಕೆ ಮುಂಚೆ ಒಂದು ಗಂಟೆಯಿಂದ ಕೈ ಕೆಲಸ ಮಾಡುತ್ತಿತ್ತು, ತಲೆ ನಿನ್ನ ಕೋಣೆಯಲ್ಲಿ ತೊಟ್ಟಿಲು ಎಲ್ಲಿ ಇಡೋದು ಅಂತ ಯೋಚಿಸುತ್ತಿತ್ತು. ಮನಸ್ಸಿನಲ್ಲೇ ಕಿಟಕಿ ಹತ್ತಿರ ಇಟ್ಟಿದ್ದೆ, ನಿನ್ನ ಮಂಚ ಇದ್ದ ಜಾಗದಲ್ಲಿ. ಗೋಡೆಗೆ ಬಣ್ಣವನ್ನೂ ಹೊಡೆಸಿಬಿಟ್ಟಿದ್ದೆ. ಆ ಖಾನೆ ಬಂದಾಗ ಪೆನ್ನು 'ಇಬ್ಬರು' ಅಂತ ಬರೆಯಿತು. ಬರೆದ ಮೇಲೆ ನೋಡಿದೆ. ತಿದ್ದಬಹುದಿತ್ತು. ತಿದ್ದಲಿಲ್ಲ.

ಸಂಜೆ ಮನೆಗೆ ಬಂದರೆ ನೀನು ತೊಟ್ಟಿಲಿನ ಕಾಲು ಹಿಡಿದು ಕೂತಿದ್ದೆ.

ನಿನಗೆ ಏಟು ಬಿದ್ದ ಮೇಲೆ ಆಸ್ಪತ್ರೆಗೆ ಎರಡೇ ದಿನ ಬಂದು ಓಡಿಹೋದದ್ದು ರಜೆ ಇಲ್ಲದೆ ಅಲ್ಲ. ನಿನ್ನ ಮುಖ ನೋಡೋಕಾಗಲಿಲ್ಲ. ಇವಳಿಗೆ ಫಾರಂ ವಿಷಯ ಗೊತ್ತೇ ಇಲ್ಲ. ಅವಳನ್ನು ನೀನು ಅನುಮಾನಿಸಿದಾಗಲೂ ನಾನು ಬಾಯಿ ಬಿಡಲಿಲ್ಲ. ಅದು ಎರಡನೇ ತಪ್ಪು. ಈಗ ಅವಳಿಗೆ ಹೇಳಿದ್ದೇನೆ. ಎರಡು ದಿನ ಮಾತು ಬಿಟ್ಟಿದ್ದಳು, ಮೂರನೇ ದಿನ "ಅತ್ತಿಗೆಗೆ ನೀವೇ ಬರೀರಿ, ನನ್ನ ಕೈಲಿ ಬರೆಸಬೇಡಿ" ಅಂದಳು.

ಯಾವ ಕೋರ್ಟಿಗೆ ಬೇಕಾದರೂ ಬಂದು ಹೇಳುತ್ತೇನೆ.

ಗಿಡ್ಡ


ಮೇ 1

ಗಿಡ್ಡನಿಗೆ,

ನಿನ್ನ ಕಾಗದ ಓದಿದೆ. ಅಳು ಬರುತ್ತೆ ಅಂದುಕೊಂಡಿದ್ದೆ, ಬರಲಿಲ್ಲ. ನನ್ನದೂ ಒಂದು ಸುಳ್ಳು ಇದೆ, ಅದು ಎದ್ದು ಕೂತಿತು.

ನಾನು ಟರ್ಪೆಂಟೈನ್ ಜಗಳಕ್ಕೆ ಮನೆ ಬಿಟ್ಟವಳಲ್ಲ. ಸೆಪ್ಟೆಂಬರಿನಿಂದಲೇ ಕೋಣೆ ಹುಡುಕುತ್ತಿದ್ದೆ. ಈ ಊರಿನ ಆಸ್ಪತ್ರೆಗೆ ಎಲ್ಲ ವಾರ್ಡುಗಳ ಬೋರ್ಡು ಬರೆಯುವ ಕೆಲಸ ಸಿಕ್ಕಿತ್ತಲ್ಲ, ವಾರಕ್ಕೊಮ್ಮೆ ಬಂದು ಹೋಗುತ್ತೇನೆ ಅಂತ ನಿನಗೆ ಹೇಳಿದ್ದೆ. ಅಕ್ಟೋಬರಿನಲ್ಲೇ ಈ ಕೋಣೆ ನೋಡಿ ಮನೆ ಒಡತಿಗೆ ಮಾತು ಕೊಟ್ಟಾಗಿತ್ತು. ಹೇಗೆ ಹೇಳಲಿ ಅಂತ ಗೊತ್ತಾಗದೆ ದಿನ ತಳ್ಳುತ್ತಿದ್ದೆ. ನೀನು ಡಬ್ಬ ಹೊರಗಿಡು ಅಂದಾಗ ಒಳಗೊಳಗೇ ನಿರಾಳ ಆಯಿತು. ಸಿಟ್ಟು ಮಾಡಿಕೊಂಡು ಹೊರಟರೆ ಕಾರಣ ಹೇಳಬೇಕಾಗಿಲ್ಲವಲ್ಲ. ಒಂದೂವರೆ ವರ್ಷ ನಿನ್ನ ತಲೆಯ ಮೇಲೆ ಆ ಜಗಳ ಹೊರಿಸಿದೆ.

ಯಾರು ಯಾರನ್ನು ಮೊದಲು ಬಿಟ್ಟರು ಅಂತ ಈಗ ಕೇಳಿದರೆ ನನಗೆ ಗೊತ್ತಿಲ್ಲ. ಆದರೆ ಮಾತು ಕೊಟ್ಟರೂ ಸಾಮಾನು ಸಾಗಿಸಲಿಲ್ಲ. ಹತ್ತೊಂಬತ್ತು ದಿನವೂ ಹೋಗಿ ತರಬೇಕು ಅಂದುಕೊಳ್ಳುವುದು, ಬೇಡ ಅಂದುಕೊಳ್ಳುವುದು. ಅದು ಯಾಕೆ ಅಂತಲೂ ಗೊತ್ತಿಲ್ಲ.

ವಕೀಲಮ್ಮನಿಗೆ ಇದನ್ನು ಹೇಳಿದೆ. ಅವರು ಪೆನ್ನು ಕೆಳಗಿಟ್ಟು, "ಕೇಳಿದರೆ ನಿಜ ಹೇಳಿ. ಕೇಳದಿದ್ದರೆ ನೀವಾಗಿ ಹೇಳಬೇಕಾಗಿಲ್ಲ" ಅಂದರು. ಕೇಳುತ್ತಾರೆ ಅಂತ ನನಗನ್ನಿಸುತ್ತೆ.

ಇನ್ನೊಂದು. ಕೈ ಚೆನ್ನಾಗಿಲ್ಲ. ಬಲಗೈಯಲ್ಲಿ ಬ್ರಷ್ಷು ಹಿಡಿದರೆ ಮೂರು ಅಕ್ಷರಕ್ಕೆ ನಡುಗುತ್ತೆ. ಎರಡನೇ ಆಪರೇಷನ್ ಆದರೆ ಹಿಡಿತ ವಾಪಸ್ ಬರಬಹುದು, ಈ ವರ್ಷದೊಳಗೆ ಆಗಬೇಕು ಅನ್ನುತ್ತಾರೆ ಡಾಕ್ಟರು. ಕಂಪನಿ ಕೊಡದಿದ್ದರೆ ಅದು ನನ್ನಿಂದಾಗಲ್ಲ. ಅದಕ್ಕೇ ಈ ಅಪೀಲು.

ಅಕ್ಕ


ಜುಲೈ 9

ಗಿಡ್ಡನಿಗೆ,

ಅಪೀಲು ನಡೆಯಿತು. ಇದಕ್ಕೆ ಸಾಕ್ಷಿ ಕರೆಯುವುದಿಲ್ಲವಂತೆ, ಬರೀ ವಾದ. ಅದಕ್ಕೇ ನಿನಗೆ ಬಾ ಅನ್ನಲಿಲ್ಲ.

ಮೇಲಿನ ಕೋರ್ಟು ಅಂದರೆ ದೊಡ್ಡದಿರುತ್ತೆ ಅಂದುಕೊಂಡಿದ್ದೆ. ಶಾಲೆ ಕೋಣೆಯಷ್ಟಿದೆ, ಫ್ಯಾನು ತಿರುಗುವಾಗ ಕಟಕಟ ಅನ್ನುತ್ತೆ. ಮೂವರು ಜಡ್ಜುಗಳು. ನಡುವಿನ ಹಿರಿಯ ಹೆಂಗಸು ಕಂಪನಿಯ ವಕೀಲರನ್ನು ಕೇಳಿದರು, "ಈ ಫಾರಂ ತುಂಬಿದ ದಿನ ಈಕೆ ಎಲ್ಲಿದ್ದರು?"

"ಅದು ಮುಖ್ಯವಲ್ಲ ಮೇಡಂ, ಅಪಘಾತದ ದಿನ ಎಲ್ಲಿದ್ದರು ಅನ್ನೋದು ಮುಖ್ಯ."

"ಅಪಘಾತದ ದಿನದ್ದು ಹೇಳೋಕೆ ನಿಮ್ಮ ಹತ್ತಿರ ಏನಿದೆ?"

"ಫಾರಂ ಇದೆ."

ಅವರು ನಗಲಿಲ್ಲ, ಪಕ್ಕದವರು ಮಾತ್ರ ತಲೆ ತಗ್ಗಿಸಿ ಏನೋ ಗೀಚಿಕೊಂಡರು.

ನಿನ್ನೆ ಆದೇಶ ಬಂತು. ಆ ತುಂಡು ತೀರ್ಪು ರದ್ದು. ನಾವು ಗೆದ್ದೆವು ಅಂತಲ್ಲ. ಮನೆಯವಳು ಹೌದೋ ಅಲ್ಲವೋ ಅನ್ನುವುದನ್ನು ಕಾಗದ ನೋಡಿ ಮುಗಿಸಬಾರದು, ಮನುಷ್ಯರನ್ನು ಕೇಳಿ ತಿಳಿಯಬೇಕು ಅಂತ ಹೇಳಿ ಅದೇ ಕನ್ನಡಕದ ಜಡ್ಜಿನ ಹತ್ತಿರ ವಾಪಸ್ ಕಳಿಸಿದ್ದಾರೆ. ಕೊನೆಗೆ ಒಂದು ಮಾತು ಸೇರಿಸಿದ್ದಾರೆ: ಪಾಲಿಸಿಯ ಮಾತು ಎರಡು ರೀತಿ ಅರ್ಥ ಕೊಟ್ಟರೆ, ಅದನ್ನು ಬರೆದವರು ಕಂಪನಿಯವರಾದ್ದರಿಂದ, ಅನುಮಾನದ ಲಾಭ ಎದುರಿನವರಿಗೆ.

ಆಗಸ್ಟ್ 20ಕ್ಕೆ ನಿನ್ನ ಸಾಕ್ಷಿ, 27ಕ್ಕೆ ನನ್ನದು. ಒಬ್ಬರು ಹೇಳುವಾಗ ಇನ್ನೊಬ್ಬರು ಇರಬಾರದಂತೆ. ನಾನು ಏನು ಹೇಳಬೇಕು ಅಂತ ನಿನ್ನನ್ನು ಕೇಳಲ್ಲ. ನೀನೂ ಕೇಳಬೇಡ.

ಅಕ್ಕ


ಆಗಸ್ಟ್ 28

ಅಕ್ಕನಿಗೆ,

ನಿನ್ನ ಸಾಕ್ಷಿ ಮುಗಿಯಲಿ ಅಂತ ಕಾದಿದ್ದೆ. ಈಗ ಬರೆಯುತ್ತಿದ್ದೇನೆ.

ಕಂಪನಿಯ ವಕೀಲರು ಫಾರಂ ಕೈಗೆ ಕೊಟ್ಟು "ಇದು ನಿಮ್ಮ ಅಕ್ಷರವಾ?" ಅಂದರು. ಹೌದು ಅಂದೆ. "ಇಬ್ಬರು ಅಂದರೆ ಯಾರು ಯಾರು?" ನಾನು, ನನ್ನ ಹೆಂಡತಿ. "ಹಾಗಾದರೆ ನಿಮ್ಮ ಅಕ್ಕ ಮನೆಯವರಲ್ಲ ಅಂತ ನೀವೇ ಒಪ್ಪಿದ್ದೀರಿ."

"ಒಪ್ಪಿದ್ದಲ್ಲ ಸಾರ್, ಆಸೆಪಟ್ಟದ್ದು" ಅಂದೆ.

ಜಡ್ಜು ಬಿಡಿಸಿ ಹೇಳಿ ಅಂದರು. ಮೋಟಾರು ಕೋಣೆ, ಊಟದ ಡಬ್ಬಿ, ಕಿಟಕಿ ಹತ್ತಿರದ ತೊಟ್ಟಿಲು, ಎಲ್ಲ ಹೇಳಿದೆ. ಮಗು ಹುಟ್ಟುವ ಮನೆಯಲ್ಲಿ ಜಾಗ ಸಾಲದು ಅನ್ನಿಸಿತ್ತು, ಅಕ್ಕ ಇದ್ದಳು, ಇಲ್ಲದಿದ್ದರೆ ಚೆನ್ನ ಅಂತ ಒಂದು ಗಂಟೆ ಯೋಚಿಸಿದ್ದೆ, ಅದನ್ನೇ ಬರೆದೆ ಅಂದೆ. ಇವಳು ಹಿಂದಿನ ಸಾಲಿನಲ್ಲಿ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಕೂತಿದ್ದಳು. ಊರವರ ಮುಂದೆ ನನ್ನ ಮಾನ ಹೋಯಿತು ಅನ್ನಿಸಬೇಕಿತ್ತು. ಬದಲಿಗೆ ಹಸಿವಾಯಿತು. ಹೊರಗೆ ಬಂದು ಎರಡು ತಟ್ಟೆ ತಿಂದೆ.

ನೀನು ಏನು ಹೇಳಿದೆ?

ಗಿಡ್ಡ


ಸೆಪ್ಟೆಂಬರ್ 19

ಗಿಡ್ಡನಿಗೆ,

ಕಂಪನಿಯ ವಕೀಲರು ಕೇಳಿಯೇಬಿಟ್ಟರು. "ಜಗಳಕ್ಕೆ ಮುಂಚೆಯೇ ಬೇರೆ ಕೋಣೆಗೆ ಮಾತು ಕೊಟ್ಟಿದ್ದಿರಾ?" ಕೊಟ್ಟಿದ್ದೆ ಅಂದೆ. ವಕೀಲಮ್ಮ ಕಿಟಕಿಯ ಕಡೆ ನೋಡಿದರು.

"ಅಂದರೆ ತಮ್ಮನ ಮನೆ ಬಿಟ್ಟಿದ್ದಿರಿ."

"ಬಿಡಬೇಕು ಅಂತಿದ್ದೆ. ಬಿಟ್ಟೆನೋ ಇಲ್ಲವೋ ಅಂತ ನನಗೇ ಗೊತ್ತಾಗುವ ಮೊದಲು ವ್ಯಾನು ಬಂತು."

ಜಡ್ಜು ಅದನ್ನು ನನ್ನ ಬಾಯಲ್ಲಿ ಇನ್ನೊಂದು ಸಲ ಹೇಳಿಸಿ ಬರೆಸಿಕೊಂಡರು.

ನಿನ್ನೆ ತೀರ್ಪು. ಈ ಸಲ ಪೂರ್ತಿ. ತಮ್ಮನೂ ಅಕ್ಕನೂ ತಮಗೆ ನಷ್ಟವಾಗುವ ಮಾತನ್ನೇ ಆಡಿದ್ದರಿಂದ ಇಬ್ಬರನ್ನೂ ನಂಬುತ್ತೇನೆ ಅಂತ ಬರೆದಿದ್ದಾರೆ. ಒಂದು ಕಾಲು ಹೊಸ್ತಿಲ ಆಚೆ ಇಟ್ಟವರು ಮನೆಯಲ್ಲಿ ವಾಸವಿದ್ದಾರೋ ಇಲ್ಲವೋ ಅಂತ ಪಾಲಿಸಿ ಎಲ್ಲೂ ಹೇಳಿಲ್ಲ, ಹೇಳದಿದ್ದುದು ಕಂಪನಿಯ ತಪ್ಪು, ಆದ್ದರಿಂದ ಅಪಘಾತದ ದಿನ ಈಕೆ ಆ ಮನೆಯವರೇ. ವ್ಯಾನಿನವನ ತಪ್ಪೂ ಸಾಬೀತಾಯಿತು, ಅವನಿಂದ ವಸೂಲಿ ಮಾಡಿಕೊಳ್ಳುವುದು ಇನ್ನು ಕಂಪನಿಯ ಪಾಡು. ಅವರು ಅಪೀಲಿಗೆ ಹೋಗುವುದಿಲ್ಲ ಅಂತ ವಕೀಲಮ್ಮನಿಗೆ ತಿಳಿಸಿದ್ದಾರೆ. ಆಪರೇಷನ್ ಆಗುತ್ತೆ.

ಅಕ್ಕ


ಸೆಪ್ಟೆಂಬರ್ 30

ಅಕ್ಕನಿಗೆ,

ನಿನ್ನ ಕಾಗದವನ್ನು ಇವಳು ಗಟ್ಟಿಯಾಗಿ ಎರಡು ಸಲ ಓದಿಸಿದಳು. ಮನೆಗೆ ವಾಪಸ್ ಬಂದುಬಿಡು. ಇದು ನಾನೊಬ್ಬನೇ ಹೇಳುವ ಮಾತಲ್ಲ. ಮಗಳ ಮಂಚ ನಮ್ಮ ಕೋಣೆಗೆ ಹಾಕುತ್ತೇವೆ, ನೀನು ನಿನ್ನ ಕಿಟಕಿ ತಗೋ. ಇನ್ನು ನಾನು ಜಾಗದ ಮಾತು ಎತ್ತಿದರೆ ಕೇಳು.

ಗಿಡ್ಡ


ಅಕ್ಟೋಬರ್ 8

ಗಿಡ್ಡನಿಗೆ,

ಬರುವುದಿಲ್ಲ ಕಣೋ. ಸಿಟ್ಟಿನಿಂದಲ್ಲ. ಈ ಕೋಣೆ ನನಗೆ ಹೊಂದಿಕೊಂಡಿದೆ, ಆಸ್ಪತ್ರೆಯಲ್ಲಿ ಹನ್ನೊಂದು ವಾರ್ಡಿಗೆ ಬೋರ್ಡು ಬಾಕಿ ಇದೆ. ಈ ಸಲ ಜಗಳ ಮಾಡದೆ, ಮುಖ ನೋಡಿ ಹೇಳುವ ಹಾಗೆ ಹೇಳುತ್ತಿದ್ದೇನೆ: ನಾನು ಬೇರೆ ಮನೆ ಮಾಡಿದ್ದೇನೆ. ನನ್ನ ಸಾಮಾನು ಕಳಿಸು. ಹೊಲಿಗೆ ಮಿಷನ್ನು ನಿನ್ನ ಹೆಂಡತಿ ಇಟ್ಟುಕೊಳ್ಳಲಿ, ಅವಳ ಕೈಗೆ ಅದು ಚೆನ್ನಾಗಿ ಹೊಂದುತ್ತೆ.

ಆಪರೇಷನ್ 21ನೇ ತಾರೀಕು ಬೆಳಿಗ್ಗೆ. ಮೊದಲನೆಯದರಲ್ಲಿ ಪ್ರಜ್ಞೆ ಇರಲಿಲ್ಲ, ಹೆದರೋಕೆ ಪುರುಸೊತ್ತು ಸಿಗಲಿಲ್ಲ. ಈ ಸಲ ನಡೆದುಕೊಂಡು ಹೋಗಿ ಮಲಗಬೇಕು. ಒಬ್ಬಳೇ ಹೋಗೋಕೆ ಹೆದರಿಕೆ ಆಗುತ್ತಿದೆ. ಈ ಒಂದು ಸಾಲು ಬರೆಯೋಕೆ ಮೂರು ದಿನ ಹಿಡಿಯಿತು. ಬರುತ್ತೀಯಾ?

ಅಕ್ಕ


ಅಕ್ಟೋಬರ್ 12

ಅಕ್ಕನಿಗೆ,

ಹತ್ತು ದಿನ ರಜೆ ಹಾಕಿದ್ದೇನೆ. ನಾವು ಮೂವರೂ 20ರ ಮಧ್ಯಾಹ್ನ ಅಲ್ಲಿರುತ್ತೇವೆ. ನಿನ್ನ ಕೋಣೆಯಲ್ಲಿ ಜಾಗ ಸಾಲದಿದ್ದರೆ ನಾನು ಕಾರಿನಲ್ಲಿ ಮಲಗುತ್ತೇನೆ. ಮಗಳು ಈಗ ನಡೆಯುತ್ತಾಳೆ, ಕೈಗೆ ಸಿಕ್ಕಿದ್ದೆಲ್ಲ ಎಳೆಯುತ್ತಾಳೆ. ಬಣ್ಣದ ಡಬ್ಬಗಳನ್ನು ಎತ್ತರದಲ್ಲಿಡು.

ಗಿಡ್ಡ